ನೀರಿನ ಬಾಲ ಹಿಡಿದ ವರ್ಷ

ಫೆಬ್ರವರಿ 23, ಭಾನುವಾರ

ಹಾಯ್ಟ್ ವ್ಯಾನಿನ ಮೇಲಿಂದ ಬಿದ್ದ. ಓಡುವ ವ್ಯಾನಿನಿಂದಲ್ಲ, ನಮ್ಮ ಮನೆಯ ಮುಂದೆ ತೆಪ್ಪಗೆ ನಿಂತಿದ್ದ ವ್ಯಾನಿನಿಂದ. ಗಂಟೆಗೆ ಇನ್ನೂರೈವತ್ತು ಮೈಲಿ ಹೋಗುವ ಕಾರು, ದೋಣಿಗಳ ಪಕ್ಕದಲ್ಲಿ ಮೂವತ್ತು ವರ್ಷ ನಿಂತು ಸಿನಿಮಾ ತೆಗೆದವನಿಗೆ ಒಂದು ಗೀರೂ ಆಗಿರಲಿಲ್ಲ. ಈಗ ವ್ಯಾನಿನ ನೆತ್ತಿಯ ಮೇಲೆ ಕ್ಯಾಮೆರಾ ನಿಲ್ಲಿಸಲು ಹಾಕಿಕೊಂಡಿರುವ ಹಲಗೆಗೆ ಬಣ್ಣ ಬಳಿಯಲು ಹತ್ತಿ, ಡಬ್ಬಿಯ ಸಮೇತ ಕೆಳಗೆ ಬಂದು ಸೊಂಟದ ಮೂಳೆ ಮುರಿದುಕೊಂಡಿದ್ದಾನೆ. ಆಸ್ಪತ್ರೆಗೆ ಸೇರಿಸಿದಾಗ ಅರ್ಧ ಮುಖ ಹಸಿರಾಗಿತ್ತು. ಅದೇನೋ ದೊಡ್ಡ ಕಾಯಿಲೆಯೆಂದು ನರ್ಸ್ ಹೆದರಿದಳು.

ಆಪರೇಷನ್ನಿಗೆ ಒಯ್ಯುವ ಮುಂಚೆ ನನ್ನ ಕೈ ಹಿಡಿದುಕೊಂಡ. ಇಷ್ಟು ವರ್ಷದ ಸಂಸಾರ, ಏನೋ ಮನಸ್ಸಿನ ಮಾತು ಹೇಳುತ್ತಾನೆ ಎಂದುಕೊಂಡು ಬಗ್ಗಿದೆ.

"ವರ್ಲಾ, ಮಾರ್ಚ್ ರೇಸು ಯಾರೇ ತೆಗೀತಾರೆ?" ಎಂದ.

ಮಾರ್ಚ್ 1, ಶನಿವಾರ

ಯಾರು ತೆಗೆಯುತ್ತಾರೆ ಎಂಬುದು ಗೊತ್ತಾಯಿತು. ನಾನು.

ನಡೆದದ್ದು ಹೀಗೆ. ಈ ವರ್ಷದ ರೇಸುಗಳನ್ನೆಲ್ಲ ಸೇರಿಸಿ ಒಂದು ಸಿನಿಮಾ ಮಾಡಿಕೊಡುತ್ತೇನೆಂದು ಹಾಯ್ಟ್ ರೇಸಿನವರ ಸಂಘಕ್ಕೆ ಮಾತು ಕೊಟ್ಟಿದ್ದಾನೆ. ಬಾದಾಮಿ ತೋಟಗಳ ನಡುವೆ ಹಿಂದೆ ವಿಮಾನ ಇಳಿಯುತ್ತಿದ್ದ ಪಟ್ಟಿಯ ಮೇಲೆ ಹಳೇ ಕಾಲದ ಕಾರುಗಳು, ಹಾರ್ಟ್‌ವೆಲ್ ಕೆರೆಯ ಮೇಲೆ ದೋಣಿಗಳು. ಎರಡೂ ಒಂದೇ ಹುಚ್ಚಿನ ಎರಡು ಮುಖ: ಇಬ್ಬರು ಪಕ್ಕಪಕ್ಕ ನಿಲ್ಲುವುದು, ಲೋಕದ ಕಿವಿ ಒಡೆಯುವಂತೆ ನೇರ ಹೋಗುವುದು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದು. ಇದಕ್ಕಾಗಿ ನಾಲ್ಕು ತಾಸು ದಾರಿ ಸವೆಸಿ ಬರುವವರಿದ್ದಾರೆ. ಹಾಯ್ಟ್ ಹೋಗದಿದ್ದರೆ ಲಾಸ್ ಏಂಜಲಿಸ್‌ನಿಂದ ಹಾರುವ ಕ್ಯಾಮೆರಾ ತಂದು ಬಿಡುವ ಹೊಸಬರು ಕಾದಿದ್ದಾರೆ. ಒಮ್ಮೆ ಅವರು ಆ ಜಾಗದಲ್ಲಿ ನಿಂತರೆ ಹಾಯ್ಟ್‌ನ ಕಥೆ ಮುಗಿದಂತೆ.

"ಕೆಂಪು ಗುಂಡಿ ಒತ್ತು, ಅಷ್ಟೇ ಕಣೇ. ಒಂದು ವರ್ಷ," ಎಂದ.

ನಾನು ಪೇಟೆಯಲ್ಲಿ ಕಿವಿಯಂತ್ರ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವಳು. ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಹಾಯ್ಟ್‌ನ ಗೆಳೆಯರೇ. ಶತ್ರುವಿನ ಪಾಳೆಯಕ್ಕೆ ನನ್ನನ್ನು ಕಳಿಸುತ್ತಿದ್ದಾನೆ. ಒಪ್ಪಿಕೊಂಡೆ. ಸೆಪ್ಟೆಂಬರಿನಲ್ಲಿ ಅಂಗಡಿಯ ಲವಿನಿಯಾ ಜೊತೆ ಹಡಗಿನಲ್ಲಿ ಅಲಾಸ್ಕಾ ನೋಡಲು ಹೋಗುವುದು ಮಾತ್ರ ತಪ್ಪಿಸುವುದಿಲ್ಲ ಎಂದು ಖಡಾಖಂಡಿತ ಹೇಳಿದೆ. ಅಲ್ಲಿ ಬರೀ ಮಂಜು, ಬರೀ ಮೌನ.

ಮಾರ್ಚ್ 8, ಶನಿವಾರ

ಮಂಜು ಕರಗುವವರೆಗೆ ರೇಸು ಶುರುವಾಗಲಿಲ್ಲ. ಚಳಿಯಲ್ಲಿ ವ್ಯಾನಿನ ಮೇಲೆ ನಿಂತಿದ್ದೆ, ಕಿವಿಗೆ ಬೆಣೆ, ಅದರ ಮೇಲೆ ದಪ್ಪ ಕಿವಿಮುಚ್ಚಳ. ಕೆಳಗಿನಿಂದ ಒಬ್ಬ ಮುದುಕ ಕೂಗಿದ. ಫಗುಂಡಿಸ್. ಹಾಯ್ಟ್ ಸಿನಿಮಾ ತೆಗೆದರೆ ಈತ ಫೋಟೋ ತೆಗೆಯುತ್ತಾನೆ. ಇಬ್ಬರೂ ಒಂದೇ ಜಾಗಕ್ಕಾಗಿ ಜೀವಮಾನವಿಡೀ ಜಗಳವಾಡಿದ್ದಾರೆ.

"ಏನ್ ತಾಯಿ, ದಾರಿ ತಪ್ಪಿ ಬಂದ್ರಾ? ಚರ್ಚು ಆ ಕಡೆ!"

"ನಿಮ್ಮ ಕಿವಿಯಂತ್ರದ ಬ್ಯಾಟರಿ ಬದಲಾಯಿಸಿದ್ರಾ?" ಎಂದು ಕೇಳಿದೆ.

"ಆಂ?" ಎಂದ.

ಆಮೇಲೆ ಮೊದಲ ಜೋಡಿ ಹೊರಟಿತು. ಏನಾಯಿತೆಂದು ನನಗೆ ಗೊತ್ತಿಲ್ಲ. ಎದೆಗೂಡಿನೊಳಗೆ ಯಾರೋ ಮೇಜು ಎಳೆದಾಡಿದಂತಾಯಿತು. ಆ ಕಾರುಗಳು ಕುಡಿಯುವ ಇಂಧನದ ಹೊಗೆಗೆ ಕಣ್ಣು, ಮೂಗು ಎರಡೂ ಸುರಿದವು. ಸುಟ್ಟ ರಬ್ಬರಿನ ಚೂರು ತಲೆಯ ಮೇಲೆ ಉದುರಿತು. ಕೂದಲಿನಿಂದ ಇನ್ನೂ ಹೆಕ್ಕುತ್ತಿದ್ದೇನೆ.

ಸಂಜೆ ಹಾಯ್ಟ್ ಮಂಚದಲ್ಲಿ ಮಲಗಿಕೊಂಡೇ ನೋಡಿದ.

"ಇದೇನಿದು?"

"ಹೊಗೆ."

"ಹೊಗೆ ಒಳಗೆ ಏನಿತ್ತು?"

"ಕಾರು ಇತ್ತು ಅಂತ ಹೇಳಿದ್ರಪ್ಪ."

ಎಂಟು ತಿಂಗಳು ಇದನ್ನು ಸಹಿಸಬೇಕು.

ಏಪ್ರಿಲ್ 6, ಭಾನುವಾರ

ಹಾಯ್ಟ್‌ಗೆ ಈಗ ನಡೆಯಲು ನಾಲ್ಕು ಕಾಲಿನ ಚೌಕಟ್ಟು ಕೊಟ್ಟಿದ್ದಾರೆ. ಕಾಲು ಇಷ್ಟು ಬಂದದ್ದೇ ತಡ, ಮೇಷ್ಟರಾಗಿಬಿಟ್ಟ. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ರಸ್ತೆಯಲ್ಲಿ ಹೋಗುವ ಹಾಲಿನ ಲಾರಿಗಳನ್ನೆಲ್ಲ ನನ್ನಿಂದ ಕ್ಯಾಮೆರಾದಲ್ಲಿ ತೆಗೆಸಿದ.

"ಪಾದ ಕೊನೆ ಗೆರೆ ಕಡೆಗೆ ಇಟ್ಕೋ. ಸೊಂಟದಿಂದ ಮೇಲೆ ಹಿಂದಕ್ಕೆ ತಿರುಗು, ಶುರು ಗೆರೆ ಕಡೆಗೆ. ಬಟ್ಟೆ ಹಿಂಡ್ತೀಯಲ್ಲ, ಹಾಗೆ. ಲಾರಿ ಹೊರಟಾಗ ಮೈ ತಾನೇ ಬಿಚ್ಕೊಂಡು ಬರುತ್ತೆ."

"ನನ್ನ ಸೊಂಟಾನೂ ಮುರೀಬೇಕು ಅಂತಿದೆಯಾ ನಿಂಗೆ?"

"ಕಣ್ಣಿನ ಹಿಂದೆ ಹೋಗ್ಬೇಡ್ವೇ! ಲಾರಿ ಎಲ್ಲಿದೆಯೋ ಅಲ್ಲಿಗಲ್ಲ, ಎಲ್ಲಿಗೆ ಬರುತ್ತೋ ಅಲ್ಲಿಗೆ!"

ಬೇಲಿಯಾಚೆಯ ಹೆಂಗಸು ಬಂದು, ಹಾಲಿನ ಡೈರಿಯವರ ಮೇಲೇನಾದರೂ ಸರ್ಕಾರಕ್ಕೆ ದೂರು ಕೊಡುತ್ತಿದ್ದೀರಾ ಎಂದು ಮೆಲ್ಲಗೆ ಕೇಳಿದಳು. ಕೊಡುವುದಾದರೆ ತಾನೂ ಸಹಿ ಹಾಕುತ್ತಾಳಂತೆ.

ಮೇ 17, ಶನಿವಾರ

ದೋಣಿಗಳು. ಕಾರುಗಳೇ ವಾಸಿ.

ಕೆರೆಯ ದಡದಲ್ಲಿ ಕ್ಯಾಮೆರಾದವರಿಗೆಂದು ಮರದ ಅಟ್ಟ ಕಟ್ಟಿದ್ದಾರೆ. ಒಂದು ಅಂಚು ನೀರಿನ ಮೇಲೆ ಚಾಚಿದೆ. ದೋಣಿ ಹೊರಟರೆ ಹಿಂದೆ ಎರಡು ಮಹಡಿಯ ಎತ್ತರಕ್ಕೆ ನೀರು ಏಳುತ್ತದೆ. ಹುಂಜದ ಬಾಲ ಎನ್ನುತ್ತಾರೆ. ಆ ಬಾಲ ಪೂರ್ತಿ ಚಿತ್ರದೊಳಗೆ ಬಂದರೇ ಅದು ಸಿನಿಮಾ, ಇಲ್ಲದಿದ್ದರೆ ಯಾರದೋ ಮದುವೆಯ ವಿಡಿಯೋ ಎಂದು ಹಾಯ್ಟ್‌ನ ಅಭಿಪ್ರಾಯ. ನಾನು ದೋಣಿ ಹಿಡಿದರೆ ಬಾಲ ತಪ್ಪುತ್ತದೆ, ಬಾಲ ಹಿಡಿದರೆ ದೋಣಿ ಇರುವುದಿಲ್ಲ.

ರೆನೆ ಎಚಾರ್ಟ್ ಬಂದು ಮಾತಾಡಿಸಿದ. ಸ್ಪೇನಿನ ಗಡಿಯ ಬೆಟ್ಟಗಳಿಂದ ಬಂದು ಇಲ್ಲಿ ಕುರಿ ಸಾಕಿದ ಬಾಸ್ಕ್ ಮನೆತನದವನು, ಈಗ ಬಾದಾಮಿ ಬೆಳೆಯುತ್ತಾನೆ. ಉಳಿದ ಹೊತ್ತಿನಲ್ಲಿ ಈ ಕೆರೆಯ ಅತ್ಯಂತ ವೇಗದ ದೋಣಿ ಓಡಿಸುತ್ತಾನೆ. ವರ್ಷದ ಸಿನಿಮಾದಲ್ಲಿ ಹೆಚ್ಚು ಪಾಲು ಅವನದೇ.

"ವರ್ಲಾ ಮೇಡಂ, ನನ್ನ ಎಡಗಡೆಯಿಂದ ತೆಗೀರಿ. ಬಲಗಡೆ ಬಣ್ಣ ಕಿತ್ತುಹೋಗಿದೆ."

"ನೀವು ಅಷ್ಟು ಜೋರಾಗಿ ಹೋದ್ರೆ ನನಗೆ ಎಡವೂ ಕಾಣಲ್ಲ ಬಲವೂ ಕಾಣಲ್ಲ. ಸ್ವಲ್ಪ ನಿಧಾನ ಹೋಗಿ."

ಅವನ ಹೆಂಡತಿ ಮಿರೆನ್ ಪಕ್ಕದಲ್ಲಿದ್ದಳು. "ಈ ಮಾತು ನಾನು ಹದಿನೈದು ವರ್ಷದಿಂದ ಹೇಳ್ತಾ ಇದೀನಿ," ಎಂದು ನಕ್ಕಳು. ಈ ಜಾಗದಲ್ಲಿ ಬುದ್ಧಿಯಿರುವವಳು ಅವಳೊಬ್ಬಳೇ.

ಜೂನ್ 8, ಭಾನುವಾರ

ಒಂದು ಬಾಲ ಸಿಕ್ಕಿತು. ದೋಣಿಯ ಸಮೇತ, ತುದಿಯವರೆಗೆ, ಮೇಲೊಂದಿಷ್ಟು ಆಕಾಶದ ಸಮೇತ. ಸಂಜೆಯ ಬಿಸಿಲು ನೀರಿನೊಳಗಿಂದ ಹಾದು ಬಂದಿತ್ತು.

ಹಾಯ್ಟ್ ನೋಡಿ "ಹ್ಞೂಂ" ಎಂದ. ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿ, ಮೂರು ಸಲವೂ "ಹ್ಞೂಂ" ಎಂದ.

ಗುಂಡಿ ಒತ್ತುವುದಷ್ಟೇ ಎಂದು ಅವನೇ ಹೇಳಿರಲಿಲ್ಲವೇ. ಇದರಲ್ಲಿ ಅಂಥದ್ದೇನಿದೆ.

ಜುಲೈ 12, ಶನಿವಾರ

ಸುಡುಬಿಸಿಲು. ಅಟ್ಟದ ಮೇಲೆ ಫಗುಂಡಿಸ್ ನನ್ನ ಜಾಗದಲ್ಲಿ ತನ್ನ ಕ್ಯಾಮೆರಾದ ಮುಕ್ಕಾಲಿ ಹೂಡಿದ್ದ. ಜಾಗ ಯಾರದು ಎಂದು ಒಂದಿಷ್ಟು ಮಾತಾಯಿತು. ಹಾಯ್ಟ್‌ನ ಹೆಸರಿನ ಗೌರವಕ್ಕಾಗಿ ನಾನು ಬಿಡಲಿಲ್ಲ, ಅಷ್ಟೇ.

"ಗಂಡನೇ ವಾಸಿ ಇದ್ದ," ಎಂದು ಗೊಣಗುತ್ತ ಆ ಕಡೆ ಹೋದ. ಮಧ್ಯಾಹ್ನ ತನ್ನ ಮಾಂಸದ ಬ್ರೆಡ್ಡಿನಲ್ಲಿ ಅರ್ಧ ನನಗೆ ಕೊಟ್ಟ. ಮುದುಕ ಕೆಟ್ಟವನಲ್ಲ, ಅವನ ಚಿತ್ರಗಳಲ್ಲಿ ಬಾಲದ ತುದಿ ಕತ್ತರಿಸಿರುತ್ತದೆ ಎಂಬುದೊಂದು ಬಿಟ್ಟರೆ.

ಲವಿನಿಯಾ ಇವತ್ತು ಫೋನು ಮಾಡಿ ಬೇಜಾರು ಮಾಡಿಕೊಂಡಳು. ನಿನ್ನೆ ಅಂಗಡಿಯಲ್ಲಿ ಗಿರಾಕಿಯೊಬ್ಬರ ಕಿವಿ ಪರೀಕ್ಷೆ ಮಾಡುವುದು ಬಿಟ್ಟು, ಅವರ ಕಾರಿನ ಇಂಜಿನ್ ಬಗ್ಗೆ ಮಾತಾಡುತ್ತ ಕುಳಿತಿದ್ದೆನಂತೆ. ಗಿರಾಕಿಯೊಡನೆ ಸೌಜನ್ಯದಿಂದ ಇರುವುದೂ ತಪ್ಪಾಯಿತು.

ಆಗಸ್ಟ್ 9, ಶನಿವಾರ

ರೆನೆಯ ದೋಣಿ ಮೇಲೆದ್ದಿತು. ಅರ್ಧ ದಾರಿ ಚೆನ್ನಾಗಿಯೇ ಬಂದ. ನಾನು ಹಿಂಡಿದ ಬಟ್ಟೆಯಂತೆ ನಿಂತು ಅವನ ಜೊತೆಗೇ ತಿರುಗುತ್ತಿದ್ದೆ. ಮೂಗು ಒಂದು ಗೇಣು ಎದ್ದಿತು. ಇಳಿಯುತ್ತದೆ ಎಂದುಕೊಂಡೆ. ಕೆಳಗೆ ಗಾಳಿ ಹೊಕ್ಕಿತು, ದೋಣಿ ಹಿಮ್ಮುಖವಾಗಿ ಮಗುಚಿ ಗಾಳಿಯಲ್ಲೇ ಎರಡು ತುಂಡಾಯಿತು. ಆಮೇಲೆ ಎಲ್ಲ ಬಿಳಿ ನೀರು.

ಓಡಿಸುವವನು ಒಂದು ಗಟ್ಟಿ ಗೂಡಿನೊಳಗೆ ಕೂತಿರುತ್ತಾನೆ. ದೋಣಿ ಒಡೆದರೆ ಗೂಡು ಬೇರೆಯಾಗಿ ಬೀಳುವಂತೆ ಮಾಡಿರುತ್ತಾರೆ. ಮುಳುಗುಗಾರರನ್ನು ಹೊತ್ತ ರಕ್ಷಣೆಯ ಎರಡು ದೋಣಿಗಳೂ ತೇಲುತ್ತಿದ್ದ ದೊಡ್ಡ ತುಂಡಿನ ಕಡೆಗೇ ಹೋದವು. ಅವರ ಎದುರಿಗೆ ನೀರು ಇನ್ನೂ ಬೀಳುತ್ತಿತ್ತು, ಆಚೆ ಏನೂ ಕಾಣುವಂತಿರಲಿಲ್ಲ. ನನಗೆ ಅಟ್ಟದ ಮೇಲಿಂದ, ಕ್ಯಾಮೆರಾದ ಕಣ್ಣಿನಲ್ಲಿ ಕಂಡಿತು: ಎಡಗಡೆ, ಜೊಂಡಿನ ಹತ್ತಿರ, ಆ ಗೂಡಿನ ಕಿತ್ತಳೆ ಬಣ್ಣದ ಒಂದು ಮೂಲೆ. ಅದು ಮುಳುಗುತ್ತಿತ್ತು.

ಫಗುಂಡಿಸ್‌ನ ಸೊಂಟದಿಂದ ವಾಕಿಟಾಕಿ ರೇಡಿಯೋ ಕಿತ್ತುಕೊಂಡೆ. ಏನು ಹೇಳಿದೆನೋ ನೆನಪಿಲ್ಲ. ಜೊಂಡು, ಜೊಂಡು ಎಂದು ಹೇಳುತ್ತಲೇ ಇದ್ದೆ ಎಂದು ಆಮೇಲೆ ಅವನೇ ಹೇಳಿದ. ಒಂದು ದೋಣಿ ತಿರುಗಿತು. ಇಬ್ಬರು ಹಾರಿದರು. ಎಷ್ಟೋ ಹೊತ್ತಾದ ಮೇಲೆ ಒಬ್ಬ ಕೈ ಎತ್ತಿದ, ಹೆಬ್ಬೆರಳು ಮೇಲೆ.

ಮಿರೆನ್ ದಡದಲ್ಲಿ ಕೂತುಬಿಟ್ಟಿದ್ದಳು. ಅವಳ ಪಕ್ಕದಲ್ಲಿ ಕೂತೆ.

ರೇಡಿಯೋಗೆ ಕೈ ಹಾಕುವಾಗ ಮುಕ್ಕಾಲಿಗೆ ನನ್ನ ಕಾಲು ಸಿಕ್ಕಿದ್ದು ಆಮೇಲೆ ತಿಳಿಯಿತು. ಹಾಯ್ಟ್‌ನ ಕ್ಯಾಮೆರಾ ಕೆರೆಗೆ ಬಿದ್ದಿತ್ತು. ರೆನೆಯನ್ನು ಹೆಲಿಕಾಪ್ಟರ್ ಒಯ್ದ ಮೇಲೆ ಮುಳುಗುಗಾರನೊಬ್ಬ ಅದನ್ನೂ ಹುಡುಕಿ ತಂದುಕೊಟ್ಟ, ಬಹಳ ಹೆಮ್ಮೆಯಿಂದ. ಬೋರಲು ಹಾಕಿದರೆ ಒಂದು ಲೋಟ ನೀರು ಬಂತು.

ಆಗಸ್ಟ್ 10, ಭಾನುವಾರ

ಆಸ್ಪತ್ರೆಗೆ ಹೋದೆ. ರೆನೆಯ ಭುಜದ ಮೂಳೆ, ಪಕ್ಕೆಲುಬು ಮುರಿದಿವೆ. ಕಣ್ಣು ಬಿಟ್ಟು ನನ್ನನ್ನು ನೋಡಿದ. ಥ್ಯಾಂಕ್ಸ್ ಹೇಳುತ್ತಾನೆಂದು ನಾನು "ಇರಲಿ ಬಿಡಿ" ಎನ್ನಲು ಸಿದ್ಧವಾಗಿದ್ದೆ.

"ಸಿಕ್ತಾ?" ಎಂದ.

"ಏನು?"

"ಮಗುಚಿದ್ದು. ಪೂರ್ತಿ ಬಂದಿದೆಯಾ?"

"ಇಲ್ಲ. ಕ್ಯಾಮೆರಾ ಕೆರೆಗೆ ಬಿತ್ತು."

ಮನುಷ್ಯನ ಮುಖ ನೋಡಲಾಗಲಿಲ್ಲ. "ಒಂದು ಮನೆ ಎತ್ತರ ಹಾರಿದೀನಿ ಮೇಡಂ! ಜೀವಮಾನದಲ್ಲಿ ಒಂದೇ ಸಲ! ಯಾರ ಹತ್ರಾನೂ ಇಲ್ವಾ?"

"ಫಗುಂಡಿಸ್ ಹತ್ರ ಒಂದು ಫೋಟೋ ಇದೆ. ಬಾಲ ಕತ್ತರಿಸಿ ಹೋಗಿದೆ."

ಮಿರೆನ್ ಎದ್ದು ಕೋಣೆಯ ಆಚೆ ಹೋದಳು. ಅಳುತ್ತಿದ್ದಾಳೆಂದು ಹಿಂದೆ ಹೋದರೆ, ಗೋಡೆಗೆ ಹಣೆ ಕೊಟ್ಟು ನಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಳುವೂ ಬಂತು. ನನ್ನ ತೋಳು ಹಿಡಿದುಕೊಂಡು ನಿಂತಳು, ಬಹಳ ಹೊತ್ತು.

ಆಗಸ್ಟ್ 12, ಮಂಗಳವಾರ

ಹಾಯ್ಟ್ ಕ್ಯಾಮೆರಾ ಬಿಚ್ಚಿ ಅಡುಗೆ ಮೇಜಿನ ಮೇಲೆ ಹರವಿಕೊಂಡಿದ್ದಾನೆ. ಅಕ್ಕಿಯಲ್ಲಿ ಹೂತಿಟ್ಟು ನೋಡಿದ, ಬಿಸಿಲಿಗಿಟ್ಟು ನೋಡಿದ. ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಕೊನೆಗೆ ನಾನೇ ಕೇಳಿದೆ.

"ನೀನಾಗಿದ್ರೆ ಏನ್ ಮಾಡ್ತಿದ್ದೆ?"

ಒಂದು ಸಣ್ಣ ತಿರುಪನ್ನು ಬಟ್ಟೆಯಿಂದ ಒರೆಸುತ್ತ ಕೂತ.

"ತಿರುಗಿಸ್ತಿದ್ದೆ. ದೋಣಿ ಹಿಂದೇನೇ, ಕೊನೇ ತನಕ."

"ಜೊಂಡಿನ ಹತ್ರ ಗೂಡು ಕಂಡಿದ್ರೆ?"

"ಕಾಣ್ತಿರಲಿಲ್ಲ ವರ್ಲಾ. ನಾನು ಚಿತ್ರ ನೋಡ್ತಿದ್ದೆ."

ಆಮೇಲೆ ಎದ್ದು, ಚೌಕಟ್ಟು ಬಿಟ್ಟು, ಗೋಡೆ ಹಿಡಿದುಕೊಂಡು ಕಾಫಿ ಮಾಡಿದ. ನನಗೂ ತಂದುಕೊಟ್ಟ. ಅರ್ಧ ತಟ್ಟೆಗೆ ಚೆಲ್ಲಿತ್ತು.

ಇನ್ನು ರೇಸಿನ ಕಡೆ ತಲೆ ಹಾಕುವುದಿಲ್ಲ. ಇದು ಖಂಡಿತ.

ಆಗಸ್ಟ್ 30, ಶನಿವಾರ

ಹಳೇ ಕಾರುಗಳ ರೇಸು. ಫಗುಂಡಿಸ್ ತನ್ನ ಇನ್ನೊಂದು ಕ್ಯಾಮೆರಾ ಎರವಲು ಕೊಟ್ಟ. ಎರವಲು ತಂದ ವಸ್ತುವನ್ನು ಸುಮ್ಮನೆ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ, ಅದಕ್ಕೆ ಹೋದೆ.

ಕತ್ತಲಾಗುವ ಹೊತ್ತಿಗೆ ಕಾರುಗಳ ಕೊಳವೆಗಳಿಂದ ಬೆಂಕಿ ಕಾಣುತ್ತದೆ, ಎರಡೂ ಪಕ್ಕ, ಹಳದಿ. ಹಗಲಲ್ಲಿ ಅದು ಇರುವುದೇ ಗೊತ್ತಾಗುವುದಿಲ್ಲ. ವ್ಯಾನಿನಿಂದ ಇಳಿದು ಬೇಲಿಯವರೆಗೆ ಹೋದೆ. ಕಿವಿಮುಚ್ಚಳ ವ್ಯಾನಿನಲ್ಲೇ ಮರೆತಿದ್ದೆ. ಬೆಣೆ ಇತ್ತಲ್ಲ, ಸಾಕು.

ಸೆಪ್ಟೆಂಬರ್ 7, ಭಾನುವಾರ

ಲವಿನಿಯಾ ಅಲಾಸ್ಕಾಕ್ಕೆ ಹೊರಟಳು. ನಾನು ಹೋಗಲಿಲ್ಲ. ಹಾಯ್ಟ್ ಇನ್ನೂ ಕೋಲೂರಿ ನಡೆಯುತ್ತಿದ್ದಾನೆ, ಒಬ್ಬನನ್ನೇ ಬಿಟ್ಟು ಹೇಗೆ ಹೋಗುವುದು.

"ಹೋಗೇ ಮಾರಾಯ್ತಿ, ನಾನು ಇರ್ತೀನಿ," ಎಂದು ನಾಲ್ಕು ಸಲ ಹೇಳಿದ. ಪಾಪ, ಹೇಳುತ್ತಾನೆ. ಈ ಶನಿವಾರ ಕೆರೆಯಲ್ಲಿ ಸಣ್ಣದೊಂದು ರೇಸೂ ಇದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಕ್ಟೋಬರ್ 12, ಭಾನುವಾರ

ಮುಂದಿನ ಶನಿವಾರ ವರ್ಷದ ಕೊನೆಯ ರೇಸು. ರೆನೆ ಮತ್ತೆ ಓಡಿಸುತ್ತಾನಂತೆ. ಭುಜ ಕೂಡಿಕೊಂಡಿದೆ, ದಾಯಾದಿಯೊಬ್ಬನ ದೋಣಿ ತಂದಿದ್ದಾನೆ.

ಮೊನ್ನೆ ಮಿರೆನ್ ಅಂಗಡಿಗೇ ಬಂದಳು. ಕಿವಿಯಂತ್ರಗಳ ಪೆಟ್ಟಿಗೆಯನ್ನು ಸುಮ್ಮನೆ ನೋಡುತ್ತ ನಿಂತು, ಕೊನೆಗೆ ಹೇಳಿದಳು:

"ಅವನ ಜೊತೆ ಮಾತು ಬಿಟ್ಟು ಒಂದು ವಾರ ಆಯ್ತು. ಹೋಗ್ಬೇಡ ಅಂದ್ರೆ ಹೋಗಲ್ಲ ಅವನು. ಆದ್ರೆ ಬಾದಾಮಿ ಗಿಡದ ಕೆಳಗೆ ಕೂತು ಕೆರೆ ಕಡೆ ನೋಡ್ತಾನೇ ಇರ್ತಾನೆ, ಸಾಯೋ ತನಕ. ಅದನ್ನ ನೋಡೋಕೆ ನನ್ನ ಕೈಲಾಗಲ್ಲ."

"ಇದನ್ನ ನೋಡೋಕೆ ಆಗುತ್ತಾ?"

"ಇಲ್ಲ. ಅದಕ್ಕೇ ಬಂದೆ. ನಾನು ನಿಮ್ಮ ಪಕ್ಕ ಬೆನ್ನು ಹಾಕಿ ನಿಂತ್ಕೋತೀನಿ. ನೀವು ನೋಡಿ ಹೇಳ್ತಾ ಹೋಗಿ. ಏನಾದ್ರೂ ಆದ್ರೆ ಎಲ್ಲರಿಗಿಂತ ಮೊದಲು ನಿಮಗೇ ಕಾಣೋದು."

ಬೇಡ ಎಂದು ಹೇಳಲು ಬಾಯಿ ತೆರೆದೆ. "ಆಯ್ತು" ಎಂದು ಬಂತು.

ಅಕ್ಟೋಬರ್ 18, ಶನಿವಾರ

ಹಾಯ್ಟ್ ಇವತ್ತು ಜೊತೆಗೆ ಬಂದಿದ್ದ. ಅಟ್ಟ ಹತ್ತುವ ಶಕ್ತಿ ಇನ್ನೂ ಇಲ್ಲ, ಕೆಳಗೆ ಕುರ್ಚಿಯಲ್ಲಿ ಕೂತ. ಮಿರೆನ್ ನನ್ನ ಪಕ್ಕದಲ್ಲಿ ಅಟ್ಟದ ಕಂಬಿ ಹಿಡಿದು, ಮುಖ ಪಾರ್ಕಿಂಗಿನ ಕಡೆಗೆ ಮಾಡಿ ನಿಂತಳು. ಗಾಳಿ ಇರಲಿಲ್ಲ.

ನಿಧಾನವಾಗಿ, ಅಂಗಡಿಯಲ್ಲಿ ಮಾತಾಡುವ ಹಾಗೆ ಹೇಳಿದೆ. ದೋಣಿ ಗೆರೆಗೆ ಬರ್ತಾ ಇದೆ. ಪಕ್ಕದಲ್ಲಿ ನೀಲಿ ದೋಣಿ. ಹೊರಟ. ನೆಟ್ಟಗಿದೆ. ಮೂಗು ಕೆಳಗೇ ಇದೆ, ಮಿರೆನ್, ಕೆಳಗೇ ಇದೆ. ಇಷ್ಟು ಹೇಳಿದ್ದು ನೆನಪಿದೆ. ಕೊನೆಯ ಗೆರೆ ದಾಟಿದ, ಬೇಗ ಇಳಿಸಿದ, ದೋಣಿ ನೀರಿನಲ್ಲಿ ಕೂತಿತು.

"ಆಯ್ತು, ತಿರುಗಿ ನೋಡಿ," ಎಂದೆ.

ಮಿರೆನ್ ತಿರುಗಿದಳು. ಕೆರೆ ನೋಡಲಿಲ್ಲ, ನನ್ನನ್ನು ವಿಚಿತ್ರವಾಗಿ ನೋಡಿದಳು. ಫಗುಂಡಿಸ್ ಕೂಡ ನೋಡುತ್ತಿದ್ದ. ನೀಲಿ ದೋಣಿಯೇ ಗೆದ್ದದ್ದು. ಗಂಡ ಸೋತದ್ದಕ್ಕೆ ಇಷ್ಟು ಖುಷಿಪಟ್ಟ ಹೆಂಡತಿಯನ್ನು ನಾನು ನೋಡಿರಲಿಲ್ಲ.

ಗಂಟಲು ಯಾಕೋ ಕಟ್ಟಿದೆ. ಕೆರೆಯ ತಂಪಿಗಿರಬೇಕು.

ನವೆಂಬರ್ 2, ಭಾನುವಾರ

ಹಾಯ್ಟ್ ಸಿನಿಮಾ ಜೋಡಿಸುತ್ತಿದ್ದಾನೆ. ಮಧ್ಯಾಹ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡವನು ಇದ್ದಕ್ಕಿದ್ದಂತೆ ಬಿಚ್ಚಿ, ಧ್ವನಿಯನ್ನು ಕೋಣೆಗೆಲ್ಲ ಕೇಳುವಂತೆ ಬಿಟ್ಟ. ಅಕ್ಟೋಬರಿನ ಓಟ. ಇಂಜಿನ್ನಿನ ಸದ್ದಿನ ಮೇಲೆ ಒಬ್ಬ ಹೆಂಗಸು ಅರಚುತ್ತಿದ್ದಳು. "ಹೋಗು! ಹೋಗೋ ನನ್ನಪ್ಪಾ! ಒತ್ತೋ! ಬಿಡಬೇಡ್ವೋ, ಒತ್ತೋ ಅದನ್ನ!" ಆಮೇಲೆ ಮಾತೇ ಅಲ್ಲದ ಒಂದು ಕೂಗು, ಉದ್ದಕ್ಕೆ, ಕೊನೆಯ ಗೆರೆಯವರೆಗೆ.

"ಯಾರೇ ಇದು?" ಎಂದ.

"ಯಾರೋ ಹಿಂದೆ ನಿಂತಿದ್ಲು. ನಾಚಿಕೆ ಇಲ್ಲದವಳು."

ಹಾಯ್ಟ್ ಮತ್ತೊಮ್ಮೆ ಹಾಕಿದ. ಮತ್ತೊಮ್ಮೆ. ನನ್ನ ಕಡೆ ನೋಡಲಿಲ್ಲ.

"ನಿನ್ ಜೊತೆ ಇಷ್ಟು ವರ್ಷ ಇದೀನಿ. ಈ ದನಿ ಕೇಳೇ ಇರಲಿಲ್ವಲ್ಲೇ."

ಅದನ್ನು ತೆಗೆದು ಮೇಲೆ ಸಂಗೀತ ಹಾಕು ಎಂದೆ. ಹಾಕುವುದಿಲ್ಲ ಎಂದ. ಜಗಳವಾಯಿತು. ಅವನು ಮಲಗಿದ ಮೇಲೆ ಎಷ್ಟು ಅಸಹ್ಯವಾಗಿದೆ ನೋಡೋಣವೆಂದು ನಾನೇ ಹಾಕಿ ನೋಡಿದೆ. ಬಾಲ ಪೂರ್ತಿ ಬಂದಿದೆ. ಕ್ಯಾಮೆರಾ ಒಂದು ಚೂರೂ ಅಲುಗಿಲ್ಲ.

ನವೆಂಬರ್ 15, ಶನಿವಾರ

ಬಾಸ್ಕ್ ಜನರ ಸಭಾಂಗಣದಲ್ಲಿ ಸಂಘದ ಊಟ. ಸೂಪು, ಬೀನ್ಸು, ಉಪ್ಪಿನಲ್ಲಿ ಹಾಕಿದ ದನದ ನಾಲಿಗೆ, ಎಲ್ಲ ಮುಗಿದ ಮೇಲೆ ಸಿನಿಮಾ. ಕೊನೆಯಲ್ಲಿ ಸಂಗೀತವಿಲ್ಲ, ಅದೇ ಅರಚಾಟ. ಇಡೀ ಸಭಾಂಗಣ ತಿರುಗಿ ನನ್ನ ಮೇಜಿನ ಕಡೆ ನೋಡಿತು. ಕಿವಿ ಕೇಳದವರು ಕೂಡ. ಮಿರೆನ್ ಎದ್ದು ನಿಂತು ಚಪ್ಪಾಳೆ ತಟ್ಟಿದಳು, ಉಳಿದವರೂ ಎದ್ದರು. ರೆನೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ. ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ.

ಸಂಘದ ಅಧ್ಯಕ್ಷರು ಬಂದು ಹಾಯ್ಟ್‌ನ ಕೈ ಕುಲುಕಿ, "ಅಂತೂ ಕಾಲು ನೆಟ್ಟಗಾಯ್ತು. ಮಾರ್ಚ್‌ನಿಂದ ನೀವೇ ವ್ಯಾನ್ ಮೇಲೆ ಅನ್ನಿ," ಎಂದರು.

"ಅದನ್ನ ನಮ್ಮ ಕ್ಯಾಮೆರಾದವರನ್ನ ಕೇಳಿ," ಎಂದು ಹಾಯ್ಟ್ ನನ್ನ ಕಡೆ ಕೈ ತೋರಿಸಿದ.

ನಾನೇನೂ ಆಸೆಪಟ್ಟವಳಲ್ಲ. ಆ ಹೊಗೆ, ಆ ಗದ್ದಲ. ಮನೆಗೆ ಬರುವ ದಾರಿಯಲ್ಲಿ ಹಾಯ್ಟ್‌ಗೆ ಹೇಳಿದೆ: ಇನ್ನೊಂದು ಕ್ಯಾಮೆರಾ ಇಟ್ಟುಕೊಂಡು ರೇಸಿನ ಪಟ್ಟಿಯ ಆ ಕೊನೆಯಲ್ಲಿ, ಕಾರುಗಳು ನಿಂತು ತಿರುಗುವ ಕಡೆ, ಅವನು ಕುರ್ಚಿ ಹಾಕಿಕೊಂಡು ಕೂರಬಹುದು. ಅಲ್ಲಿ ಬಾದಾಮಿ ಗಿಡಗಳ ನೆರಳಿದೆ, ಗದ್ದಲವಿಲ್ಲ.

"ಅಲ್ಲಿ ನೋಡೋಕೆ ಏನೂ ಇಲ್ವಲ್ಲೇ," ಎಂದ.

"ತಂಪಾಗಿರುತ್ತೆ," ಎಂದೆ.